ಚಿಕ್ಕಪ್ಪನ ಕಣ್ಣು ಹೋಗಿದ್ದು ಕ್ವಾರಿಯಲ್ಲಿ, ಆಸ್ಪತ್ರೆ ಚೀಟಿಯಲ್ಲಿರೋದು ‘ಮನೆಯಲ್ಲಿ ಸೌದೆ ಒಡೆಯುವಾಗ’. ಈಗ ಏನು ಮಾಡಬಹುದು?

ಬಂಡೆಮನೆ ಹುಡುಗಿ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಕಲ್ಲು ಕೆಲಸದ ಮನೆ. ತಾತ ಬೆಟ್ಟಹಲಸೂರು ಬಂಡೆಗಳಲ್ಲಿ ಸೈಜುಗಲ್ಲು ಒಡೆದವರು. ಅಪ್ಪನೂ ಅದೇ ಕೆಲಸ ಮಾಡಿದರು, ಬೆನ್ನು ಸೋತ ಮೇಲೆ ಬಿಟ್ಟರು. ಚಿಕ್ಕಪ್ಪ ಮಾತ್ರ ಬಾಗಲೂರು ಆಚೆ ಒಂದು ಕ್ವಾರಿಗೆ ಹೋಗುತ್ತಿದ್ದರು. ಅವರಿಗೆ 40 ವರ್ಷ. ದಿನಕ್ಕೆ 700 ರೂಪಾಯಿ ಕೂಲಿ, ಶನಿವಾರ ಸಂಜೆ ಬಟವಾಡೆ.

2025ರ ಆಗಸ್ಟ್‌ನಲ್ಲಿ ಒಂದು ದಿನ ಉಳಿಗೆ ಚಮಟಿಗೆ ಏಟು ಹಾಕುವಾಗ ಚೂರು ಸಿಡಿದು ಎಡಗಣ್ಣಿಗೆ ಹೊಕ್ಕಿತು. ಸಿಡಿದಿದ್ದು ಕಲ್ಲಲ್ಲ, ಉಳಿಯ ತಲೆ. ಏಟು ತಿಂದು ತಿಂದು ಉಳಿ ತಲೆ ಹೂವಿನ ಥರ ಅರಳುತ್ತೆ, ಅಂಚು ಹೊರಕ್ಕೆ ಮಡಚಿಕೊಂಡು ಸೀಳು ಬಿಡುತ್ತೆ. ಆಗ ಕುಲುಮೆಗೆ ಕೊಟ್ಟು ಸರಿ ಮಾಡಿಸಬೇಕು. ಆ ವಾರ ಲೋಡು ಜಾಸ್ತಿ ಇತ್ತಂತೆ, ‘ಶನಿವಾರ ಕೊಟ್ಟರಾಯ್ತು’ ಅಂದಿದ್ದರಂತೆ ಮೇಸ್ತ್ರಿ.

ಮೇಸ್ತ್ರಿಯೇ ಬೈಕಲ್ಲಿ ಕೂರಿಸಿಕೊಂಡು ಸಿಟಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ‘ಹೇಗಾಯ್ತು?’ ಅಂತ ಕೇಳಿದಾಗ ಉತ್ತರ ಕೊಟ್ಟಿದ್ದೂ ಅವರೇ. ‘ಮನೆಯಲ್ಲಿ ಸೌದೆ ಒಡೆಯುತ್ತಿದ್ದ, ಸಿಡೀತು.’ ಚಿಕ್ಕಪ್ಪ ಟವೆಲ್ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ನಮ್ಮ ಮನೆಯಲ್ಲಿ ಸೌದೆ ಒಲೆ ಹೋಗಿ ಹತ್ತು ವರ್ಷ ಆಯ್ತು.

ಚೂರು ತೆಗೆದರು. ಕಣ್ಣುಗುಡ್ಡೆ ಉಳಿಯಿತು, ದೃಷ್ಟಿ ಬರಲಿಲ್ಲ. ಮಾಲೀಕರ ಕಡೆಯವರು ಬಂದು 40,000 ರೂಪಾಯಿ ಕೊಟ್ಟು, ‘ಇನ್ನು ಯಾವುದೇ ತಕರಾರು ಇಲ್ಲ’ ಅಂತ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಈಗ ಚಿಕ್ಕಪ್ಪ ಮನೆಯಲ್ಲೇ ಇದ್ದಾರೆ. ಲೋಟಕ್ಕೆ ಟೀ ಸುರಿದರೆ ಅರ್ಧ ಹೊರಗೆ ಬೀಳುತ್ತೆ, ದೂರ ಹತ್ತಿರ ತಿಳಿಯೋದಿಲ್ಲ. ಚಿಕ್ಕಮ್ಮ ಏನೂ ಅನ್ನದೆ ಒರೆಸುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಚೀಟಿಯಲ್ಲಿ ಸೌದೆ ಅಂತ ಇದೆ, ರಾಜಿ ಹಾಳೆಗೆ ಸಹಿ ಬಿದ್ದಿದೆ. ಇನ್ನೇನೂ ಮಾಡೋಕೆ ಆಗಲ್ವಾ?


ಯಲಹಂಕ ಹಳೇಪೇಟೆ
ಭಾನುವಾರ, ರಾತ್ರಿ 10:05

ಓದಿ ತುಂಬಾ ಸಂಕಟ ಆಯ್ತು ತಂಗಿ. ನನಗೆ ಕಾನೂನು ಗೊತ್ತಿಲ್ಲ. ಆದರೆ ನಮ್ಮ ಮನೆಯ ತಳಪಾಯ, ಕಾಂಪೌಂಡು, ಮೋರಿ ಮೇಲಿನ ಚಪ್ಪಡಿ ಎಲ್ಲ ನಿಮ್ಮ ಕಡೆಯ ಕಲ್ಲೇ. ಗೊತ್ತಿರೋರು ಯಾರಾದರೂ ಬರೆಯಿರಿ, ಈ ಚರ್ಚೆ ಕೆಳಗೆ ಹೋಗದಿರಲಿ.


ರಾತ್ರಿ ಪಾಳಿ ನರ್ಸ್
ಸೋಮವಾರ, ಬೆಳಗಿನ ಜಾವ 4:20

ನಾನು ಹನ್ನೊಂದು ವರ್ಷದಿಂದ ಕ್ಯಾಶುವಾಲಿಟಿಯಲ್ಲಿ ಇದ್ದೇನೆ. ಈಗಷ್ಟೇ ಸ್ವಲ್ಪ ಬಿಡುವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಕ್ವಾರಿ ಗಾಯ ನಮಗೆ ಗೊತ್ತಾಗುತ್ತೆ ಅಮ್ಮ. ಬೈಕಿನಿಂದ ಬಿದ್ದವರ ಗಾಯ ತರಚಿರುತ್ತೆ, ಮಣ್ಣು, ಟಾರು ಅಂಟಿರುತ್ತೆ. ಕಲ್ಲಿಗೆ ಸಿಕ್ಕ ಬೆರಳು ಹಾಗಲ್ಲ. ಜಜ್ಜಿ ಚಪ್ಪಟೆ ಆಗಿರುತ್ತೆ, ಚರ್ಮದ ಸುಕ್ಕಿನೊಳಗೆಲ್ಲ ಬಿಳಿ ಪುಡಿ ಕೂತಿರುತ್ತೆ. ಸಲೈನ್ ಹಾಕಿ ತೊಳೆದರೆ ಟ್ರೇಗೆ ಇಳಿಯೋ ನೀರು ಅಕ್ಕಿ ತೊಳೆದ ನೀರಿನ ಥರ ಇರುತ್ತೆ. ರೆಪ್ಪೆಗೂದಲ ಮೇಲೆ, ಕಿವಿಯೊಳಗೆ ಧೂಳು. ಆದರೂ ಕರೆತಂದವರು ‘ಬೈಕಿಂದ ಬಿದ್ದ’ ಅಂದರೆ ಚೀಟಿಗೆ ಅದೇ ಹೋಗುತ್ತೆ. ನಾನೂ ಎಷ್ಟೋ ಸಲ ಹಾಗೇ ಬರೆದಿದ್ದೇನೆ. ಜನ ನುಗ್ಗುವ ಹೊತ್ತಿನಲ್ಲಿ ಮುಂದೆ ನಿಂತು ಮಾತಾಡಿದವರ ಮಾತೇ ನಡೆಯುತ್ತೆ. ಇದನ್ನು ಹೇಳೋಕೆ ನನಗೆ ನೋವಿದೆ.

ನೀವು ಮಾಡಬೇಕಾದ್ದು ಹೇಳುತ್ತೇನೆ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋಗಿ, ಚಿಕ್ಕಪ್ಪನ ಸಹಿ ಇರುವ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್ ಪ್ರತಿ ಕೇಳಿ. ಡಿಸ್ಚಾರ್ಜ್ ಸಾರಾಂಶ ಒಂದೇ ಸಾಲದು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮವೇ ಇದೆ.

ಅದರಲ್ಲಿ ಎರಡು ಕಡೆ ನೋಡಿ. ಒಂದು, ಆಪರೇಷನ್ ಟಿಪ್ಪಣಿ. ಒಳಗಿಂದ ತೆಗೆದದ್ದು ಏನು, ಮರದ ಚೂರಾ, ಕಬ್ಬಿಣದ ಚೂರಾ ಅಂತ ಬರೆದಿರುತ್ತಾರೆ. ಇನ್ನೊಂದು, ‘ಕರೆತಂದವರು’ ಅನ್ನೋ ಜಾಗ. ಅಲ್ಲಿ ಮೇಸ್ತ್ರಿ ಹೆಸರು ಇರಬಹುದು. ಇದ್ದರೆ ಅದು ನಿಮಗೆ ಸಹಾಯವೇ. ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ, ನಿಮ್ಮ ಮನೆಯ ಸೌದೆ ಹತ್ತಿರ ಮೇಸ್ತ್ರಿಗೆ ಏನು ಕೆಲಸ ಅಂತ ಯಾರಾದರೂ ಕೇಳೇ ಕೇಳುತ್ತಾರೆ.

ಹಳೇ ಸಾಲನ್ನು ತಿದ್ದಿಸೋಕೆ ಹೋಗಬೇಡಿ. ತಿದ್ದಿದ ಚೀಟಿ ಮುಂದೆ ನಿಮ್ಮ ವಿರುದ್ಧವೇ ನಿಲ್ಲುತ್ತೆ. ಮುಂದಿನ ಸಲ ಕಣ್ಣು ತೋರಿಸೋಕೆ ಹೋದಾಗ ಚಿಕ್ಕಪ್ಪ ತಮ್ಮ ಬಾಯಿಂದಲೇ ನಡೆದದ್ದನ್ನು ಹೇಳಲಿ, ಅವತ್ತಿನ ತಾರೀಖು ಹಾಕಿ ಹೊರರೋಗಿ ಚೀಟಿಯಲ್ಲಿ ಬರೆದುಕೊಡಿ ಅಂತ ವೈದ್ಯರನ್ನು ಕೇಳಲಿ.

ಇದನ್ನು ಓದುತ್ತಿರುವ ಕ್ವಾರಿ ಕುಟುಂಬದವರೆಲ್ಲ ಒಂದು ಮಾತು ನೆನಪಿಡಿ. ಗಾಯ ಆದವರ ಜೊತೆ ಮನೆಯವರು ಒಬ್ಬರಾದರೂ ಓಡಿ ಬನ್ನಿ. ಯಾವ ಕ್ವಾರಿ, ಯಾವ ಕೆಲಸ, ಎಷ್ಟು ಹೊತ್ತಿಗೆ. ಈ ಮೂರನ್ನು ನರ್ಸ್‌ಗೆ ಗಟ್ಟಿಯಾಗಿ ಹೇಳಿ, ಬರೆದದ್ದನ್ನು ಓದಿಸಿಕೊಳ್ಳಿ.


ಕೋರ್ಟ್ ಗುಮಾಸ್ತ
ಸೋಮವಾರ, ಬೆಳಗ್ಗೆ 8:15

ನರ್ಸ್ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ವಕೀಲರ ಆಫೀಸಲ್ಲಿ ಗುಮಾಸ್ತ, ಕಾರ್ಮಿಕ ಪರಿಹಾರದ ಅರ್ಜಿಗಳನ್ನು ತಯಾರು ಮಾಡೋದು ನನ್ನ ದಿನದ ಕೆಲಸ. ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ: ಖಂಡಿತ ಮಾಡಬಹುದು, ಆದರೆ ತಡ ಮಾಡಬೇಡಿ.

2025 ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಮ್ಮ ಚಿಕ್ಕಪ್ಪನಿಗೆ ಪೆಟ್ಟಾಗಿದ್ದು ಅದಕ್ಕೂ ಮುಂಚೆ, ಆಗಸ್ಟ್‌ನಲ್ಲಿ. ಹಾಗಾಗಿ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ ಹಿಡಿಯಿರಿ. ಅದರಲ್ಲಿ ಅರ್ಜಿ ಹಾಕೋಕೆ ಅಪಘಾತದ ದಿನದಿಂದ ಎರಡು ವರ್ಷ ಸಮಯ ಇರುತ್ತೆ.

ರಾಜಿ ಹಾಳೆಗೆ ಹೆದರಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಅಂತ ಕಾರ್ಮಿಕ ಬರೆದುಕೊಟ್ಟರೆ ಅದು ಊರ್ಜಿತ ಅಲ್ಲ, ಇದು ಕಾಯ್ದೆಯಲ್ಲೇ ಇರುವ ಮಾತು. ರಾಜಿ ಮಾಡಿಕೊಂಡರೆ ಅದು ಪರಿಹಾರ ಆಯುಕ್ತರ ಮುಂದೆ ನೋಂದಣಿ ಆಗಬೇಕು. ಮನೆ ಜಗಲಿಯಲ್ಲಿ ಬರೆಸಿಕೊಂಡ ಹಾಳೆ ಅದಲ್ಲ.

ಈಗ ದುಡ್ಡಿನ ಲೆಕ್ಕ. ಶಾಶ್ವತ ಪೂರ್ಣ ಅಂಗವೈಕಲ್ಯ ಅಂದರೆ ತಿಂಗಳ ಸಂಬಳದ ಶೇ 60, ಅದನ್ನು ಕಾಯ್ದೆಯಲ್ಲಿ ವಯಸ್ಸಿಗೆ ತಕ್ಕಂತೆ ಕೊಟ್ಟಿರುವ ಸಂಖ್ಯೆಯಿಂದ, ಅಂದರೆ ಅಂಶದಿಂದ, ಗುಣಿಸಬೇಕು. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯೋದು 15,000ದವರೆಗೆ ಮಾತ್ರ. 15,000ದ ಶೇ 60 ಅಂದರೆ 9,000. 40 ತುಂಬಿದವರ ಅಂಶ 184.17. ಗುಣಿಸಿದರೆ 16,57,530 ರೂಪಾಯಿ. ಇನ್ನೊಂದು ಕಣ್ಣು ಸರಿ ಇದ್ದು, ಗುಡ್ಡೆ ಉಳಿದು ಒಂದು ಕಣ್ಣಿನ ದೃಷ್ಟಿ ಮಾತ್ರ ಹೋದರೆ ಅನುಸೂಚಿಯಲ್ಲಿ ಶೇ 30. ಗುಡ್ಡೆಯೇ ಹೋದರೆ ಶೇ 40. ಶೇ 30 ಅಂದರೆ 4,97,259 ರೂಪಾಯಿ. ಇದರ ಮೇಲೆ ಆಸ್ಪತ್ರೆ ಖರ್ಚು ಬೇರೆ. ಪೆಟ್ಟಾದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ ಬೇರೆ.

ನಿಮಗೆ ಕೊಟ್ಟಿದ್ದು 40,000.

ಇನ್ನು ‘ಮೇಸ್ತ್ರಿ ಕರೆಸಿದ ಆಳು, ನಮಗೆ ಸಂಬಂಧ ಇಲ್ಲ’ ಅಂತ ಮಾಲೀಕರು ಹೇಳುತ್ತಾರೆ. ಗುತ್ತಿಗೆದಾರನ ಮೂಲಕ ಬಂದ ಆಳಿಗೂ ಮೂಲ ಮಾಲೀಕರೇ ಹೊಣೆ. ಲೀಸ್ ಯಾರ ಹೆಸರಲ್ಲಿದೆ ಅಂತ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ಮಾಹಿತಿ ಹಕ್ಕಿನಡಿ ಕೇಳಿ. ‘ಕನ್ನಡಕ ಹಾಕಿಕೊಂಡಿರಲಿಲ್ಲ’ ಅಂತಲೂ ಹೇಳುತ್ತಾರೆ. ನಾವು ಕೊಟ್ಟಿದ್ದೆವು, ಅವನು ಬೇಕಂತಲೇ ತೆಗೆದಿಟ್ಟ ಅಂತ ಅವರೇ ಸಾಬೀತು ಮಾಡಬೇಕು. ಕೊಟ್ಟೇ ಇಲ್ಲದಿದ್ದರೆ ಆ ಮಾತು ನಿಲ್ಲೋದಿಲ್ಲ.

ಸಂಬಳಕ್ಕೆ ಸಾಕ್ಷಿ ಹುಡುಕಿ. ಮೇಸ್ತ್ರಿ ಫೋನ್‌ಪೇಯಲ್ಲಿ ಹಾಕಿದ ದುಡ್ಡು, ಬ್ಯಾಂಕ್ ಮೆಸೇಜು, ಹಾಜರಿ ಪುಸ್ತಕದ ಫೋಟೋ, ಜೊತೆ ಕೆಲಸದವರ ವಾಯ್ಸ್ ಮೆಸೇಜು, ಯಾವುದೂ ಚಿಕ್ಕದಲ್ಲ. ವಕೀಲರ ಫೀಸಿನ ಯೋಚನೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.


ಸಣ್ಣ ಲೀಸ್‌ದಾರ
ಸೋಮವಾರ, ಮಧ್ಯಾಹ್ನ 1:30

ನಾನು ಚಿಕ್ಕ ಕ್ವಾರಿ ನಡೆಸುತ್ತೇನೆ, ಬೆಂಗಳೂರು ಗ್ರಾಮಾಂತರದಲ್ಲಿ. ಎಲ್ಲ ಮಾಲೀಕರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ರಾಜಧನ, ಡೀಸೆಲ್, ಕಂಪ್ರೆಸರ್ ಬಾಡಿಗೆ, ಊರಿನವರ ತಕರಾರು, ಎಲ್ಲ ಕಳೆದು ಉಳಿಯೋದು ಕಮ್ಮಿ. ಪೆಟ್ಟಾಯ್ತು ಅಂತ ಬರೆದುಕೊಟ್ಟ ದಿನವೇ ಕೆಲಸ ನಿಂತುಹೋಗುತ್ತೆ ಅನ್ನೋ ಭಯ ಎಲ್ಲರಿಗೂ ಇದೆ. ಆ ಭಯದಲ್ಲೇ ಬೈಕು, ಸೌದೆ ಅಂತ ಬರೆಸೋದು.

ನಾನೂ ಹಾಗೆ ಮಾಡಿದವನೇ. ಆರು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಹುಡುಗನ ಕಾಲ ಮೇಲೆ ಸೈಜುಗಲ್ಲು ಉರುಳಿ ಮೂರು ಬೆರಳು ಹೋಯಿತು. ಬಿಲ್ ಪೂರ್ತಿ ನಾನೇ ಕಟ್ಟಿದೆ, ಎರಡು ತಿಂಗಳು ಕೂಲಿ ಕೊಟ್ಟೆ. ಧರ್ಮ ಮಾಡಿದೆ ಅಂದುಕೊಂಡಿದ್ದೆ. ಎರಡು ವರ್ಷ ಬಿಟ್ಟು ಆ ಹುಡುಗ ಬಂದ, ‘ಅಣ್ಣ, ಕ್ವಾರಿಯಲ್ಲಿ ಪೆಟ್ಟಾಯ್ತು ಅಂತ ಒಂದು ಕಾಗದ ಕೊಡಿ’ ಅಂದ. ನನ್ನ ಹತ್ತಿರ ಕೊಡೋಕೆ ಏನೂ ಇರಲಿಲ್ಲ. ನಾನೇ ಬೈಕು ಅಂತ ಬರೆಸಿದ್ದೆ.

ಆಮೇಲೆ ಡಬ್ಲ್ಯೂಸಿ ಪಾಲಿಸಿ, ಅಂದರೆ ಕಾರ್ಮಿಕರ ಪರಿಹಾರದ ವಿಮೆ, ಮಾಡಿಸಿದೆ. ಆಳುಗಳ ಸಂಖ್ಯೆ, ಸಂಬಳ ಹೇಳಿ ಪ್ರೀಮಿಯಂ ಕಟ್ಟಿದರೆ ಪರಿಹಾರ ವಿಮೆಯವರು ಕೊಡುತ್ತಾರೆ. ಮಾಲೀಕರು ಇದನ್ನು ಮಾಡಿಸಲಿ. ಭಯ ಅರ್ಧ ಕಮ್ಮಿ ಆಗುತ್ತೆ.


ಬಂಡೆಮನೆ ಹುಡುಗಿ
ಸೋಮವಾರ, ಸಂಜೆ 7:10

ನರ್ಸ್ ಅಕ್ಕ, ಗುಮಾಸ್ತ ಸರ್, ನಿಮ್ಮಿಬ್ಬರ ಬರಹವನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. 4,97,259 ಅಂದಾಗ ಚಿಕ್ಕಪ್ಪ ‘ಇನ್ನೊಂದ್ಸಲ ಓದು’ ಅಂದರು.

ಲೀಸ್‌ದಾರ ಸರ್, ನೀವು ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್. ಬಿಲ್ ಕಟ್ಟಿದ್ದು ಒಳ್ಳೇದೇ. ಆದರೆ ಬಿಲ್ ಆಸ್ಪತ್ರೆಗೆ ಹೋಗುತ್ತೆ ಸರ್. ಬೆರಳು ಇಲ್ಲದೆ ಮುಂದಿನ ಇಪ್ಪತ್ತು ವರ್ಷ ದುಡಿಯಬೇಕಾದವನಿಗೆ ಅದರಲ್ಲಿ ಏನೂ ಸಿಗೋದಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೆ ಗೊತ್ತಾ?

ಇನ್ನೊಂದು ವಿಷಯ. ಚಿಕ್ಕಮ್ಮ ಬೀರುವಿನಿಂದ ಒಂದು ಸಣ್ಣ ಬಾಟಲಿ ತಂದು ತೋರಿಸಿದರು. ಆಪರೇಷನ್ ಆದ ದಿನ ಆಸ್ಪತ್ರೆಯವರು ಕೊಟ್ಟಿದ್ದಂತೆ. ಒಳಗೆ ಸಾಸಿವೆ ಕಾಳಿನಷ್ಟು ಕಪ್ಪು ಚೂರು. ಅಲ್ಲಾಡಿಸಿದರೆ ಗಾಜಿಗೆ ತಾಗಿ ಟಿಕ್ ಅನ್ನುತ್ತೆ. ಇಷ್ಟು ದಿನ ಅರಿಶಿನ ಕುಂಕುಮದ ಡಬ್ಬಿ ಪಕ್ಕ ಇಟ್ಟಿದ್ದಾರೆ.


ಕೋರ್ಟ್ ಗುಮಾಸ್ತ
ಸೋಮವಾರ, ಸಂಜೆ 7:25

ಆ ಬಾಟಲಿಯನ್ನು ತೆರೆಯಬೇಡಿ. ಲೇಬಲ್ ಇದ್ದರೆ ಕೀಳಬೇಡಿ. ಉಳಿ ಸಿಕ್ಕರೆ ಅದನ್ನೂ ಹಾಗೇ ಎತ್ತಿಡಿ.


ಸಣ್ಣ ಲೀಸ್‌ದಾರ
ಸೋಮವಾರ, ರಾತ್ರಿ 9:00

ಹುಡುಗ ಊರಿಗೆ ಹೋದ ಅಂತ ಮಾತ್ರ ಗೊತ್ತು ಮೇಡಂ. ನಂಬರ್ ಹುಡುಕುತ್ತೇನೆ.


ಮದ್ದಿನ ಮೇಸ್ತ್ರಿ
ಸೋಮವಾರ, ರಾತ್ರಿ 10:45

ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ತಾವರೆಕೆರೆ, ಮಾಗಡಿ ಕಡೆಯ ಬಂಡೆಗಳಲ್ಲಿ ಇಪ್ಪತ್ತೆಂಟು ವರ್ಷ ಮದ್ದು, ಅಂದರೆ ಬಂಡೆ ಸಿಡಿಸುವ ಸ್ಫೋಟಕ, ಹಾಕಿದವನು ನಾನು. ಬ್ಲಾಸ್ಟರ್ ಸರ್ಟಿಫಿಕೇಟ್ ಇತ್ತು.

2021ರ ಜನವರಿ 21ರಂದು ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟ ಆಯ್ತು. ಅದಾಗಿ ಒಂದು ತಿಂಗಳು ಕಳೆದಿತ್ತಷ್ಟೆ, ಫೆಬ್ರವರಿ 23ಕ್ಕೆ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಹೋದರು. ಪೇಪರು, ಟೀವಿ ಎಲ್ಲ ಬಂತು. ಬರಬೇಕಾದ್ದೇ. ಆದರೆ ನಾನು ಕಣ್ಣಾರೆ ಕಂಡ ಕೈ, ಬೆರಳುಗಳ ಲೆಕ್ಕ ಯಾವ ಪೇಪರಿಗೂ ಬರಲಿಲ್ಲ.

ಮದ್ದಿನವನ ಕೆಲಸದಲ್ಲಿ ದೊಡ್ಡದು ಎಣಿಸೋದು. ಹನ್ನೆರಡು ತೂತಿಗೆ ಮದ್ದು ತುಂಬಿದರೆ ಹನ್ನೆರಡು ಏಟು ಕಿವಿಗೆ ಬೀಳಬೇಕು. ಎರಡು ಒಟ್ಟಿಗೆ ಹೊಡೆದರೆ ಹನ್ನೊಂದೋ ಹನ್ನೆರಡೋ ಅನ್ನೋ ಅನುಮಾನ ಬರುತ್ತೆ. ಅನುಮಾನ ಬಂದರೆ ಒಂದು ಏಟು ಒಳಗೇ ಉಳಿದಿದೆ ಅಂತಲೇ ಲೆಕ್ಕ. ಯಾರನ್ನೂ ಹತ್ತಿರ ಬಿಡಬಾರದು. ಉಳಿದ ಮದ್ದನ್ನು ಕೆದಕಿ ತೆಗೆಯಬಾರದು. ಹಳೇ ತೂತಿನ ತಳಕ್ಕೆ ಮತ್ತೆ ಡ್ರಿಲ್ ಇಡಲೇಬಾರದು. ಒಂದಡಿಗೆ ಕಮ್ಮಿ ಇಲ್ಲದಂತೆ ಪಕ್ಕಕ್ಕೆ ಸರಿದು ಬೇರೆ ತೂತು ಹಾಕಿ ಹೊಡೆಯಬೇಕು. ಇದೆಲ್ಲ ಪುಸ್ತಕದಲ್ಲಿದೆ. ಕ್ವಾರಿಯಲ್ಲಿ ನಡೆಯೋದು ಬೇರೆ. ಸಂಜೆ ಮದ್ದು ಹೊಡೆಯುತ್ತಾರೆ, ಕತ್ತಲಾಗುತ್ತೆ. ಬೆಳಗ್ಗೆ ಬರುವ ಜ್ಯಾಕ್ ಹ್ಯಾಮರ್ ಹುಡುಗ ಬೇರೆ, ಅವನಿಗೆ ಯಾರೂ ಹೇಳಿರೋದಿಲ್ಲ. ಅರ್ಧ ತೂತು ಸಿದ್ಧ ಇದೆ ಅಂತ ಅವನು ಅಲ್ಲಿಗೇ ಕಡ್ಡಿ ಇಳಿಸುತ್ತಾನೆ.

ಹಾಗೆ ಒಬ್ಬ ಹುಡುಗನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ದೀಪಾವಳಿ ಹತ್ತಿರ ಇತ್ತು. ಚೀಟಿಯಲ್ಲಿ ಪಟಾಕಿ ಅಂತ ಬರೆಸಿದರು. ನಾನೂ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆ ಹುಡುಗನ ಅಮ್ಮ ‘ನಮ್ಮ ಮನೆಯಲ್ಲಿ ಪಟಾಕಿ ತಂದೇ ಇಲ್ಲ ಸ್ವಾಮಿ’ ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆ. ತಾಯಿ, ನೀನು ಬಿಡಬೇಡ.

ಇನ್ನೊಂದು. ‘ಇದು ಗಣಿ ಅಲ್ಲ, ಬರೀ ಕಲ್ಲು ಒಡೆಯೋ ಜಾಗ’ ಅಂತ ಯಾರಾದರೂ ಅಂದರೆ ನಂಬಬೇಡ. ಚಿಕ್ಕಪ್ಪನಿಗೆ ಪೆಟ್ಟಾದಾಗ ಇದ್ದ 1952ರ ಗಣಿ ಕಾಯ್ದೆಯಲ್ಲಿ ಕಟ್ಟಡ ಕಲ್ಲಿನ ಜಾಗಕ್ಕೆ ವಿನಾಯಿತಿ ಸಿಗಬೇಕಾದರೆ ಗುಂಡಿ 6 ಮೀಟರಿಗಿಂತ ಆಳ ಇರಬಾರದು, 50ಕ್ಕಿಂತ ಜಾಸ್ತಿ ಆಳು ಇರಬಾರದು, ಮದ್ದು ಮುಟ್ಟಲೇಬಾರದು. ಮದ್ದು ಹೊಡೆದರೆ ಅದು ಗಣಿಯೇ. ಗಣಿಯಲ್ಲಿ ಕಣ್ಣು ಹೋದರೆ ಅದು ಗಂಭೀರ ಗಾಯ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಮಾಲೀಕ ತಿಳಿಸಲೇಬೇಕು. ಚಿಕ್ಕಪ್ಪನ ಕ್ವಾರಿಯಲ್ಲಿ ಮದ್ದು ಹೊಡೆಯುತ್ತಿದ್ದರಾ, ವಿಚಾರಿಸು.


ಬಂಡೆಮನೆ ಹುಡುಗಿ
ಸೋಮವಾರ, ರಾತ್ರಿ 11:02

ವಾರಕ್ಕೆ ಎರಡು ಸಲ ಹೊಡೆಯುತ್ತಿದ್ದರಂತೆ ಅಂಕಲ್. ಮನೆ ಪಾತ್ರೆ ಅಲ್ಲಾಡೋದು ನಮಗೂ ಕೇಳುತ್ತಿತ್ತು.


ಊರ್ಗಾಂ ಮೊಮ್ಮಗ
ಮಂಗಳವಾರ, ಬೆಳಗ್ಗೆ 7:30

ಮಾರಿಕುಪ್ಪಂನಿಂದ ಬರುವ ರೈಲಿನಲ್ಲಿ ಕೂತು ಇದನ್ನೆಲ್ಲ ಓದಿದೆ. ನನ್ನ ತಾತ ಕೋಲಾರ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರಿಗಿಂತ ಆಳ ಇಳಿದ ಗಣಿ ಅದು. ಒತ್ತಡ ತಡೆಯದೆ ಒಳಗಿನ ಬಂಡೆ ತಾನಾಗೇ ಸಿಡಿಯುತ್ತಿತ್ತು, ಮೇಲಿನ ಮನೆಗಳಿಗೂ ಅದರ ಅದುರು ಗೊತ್ತಾಗುತ್ತಿತ್ತು. ಅಲ್ಲಿ ಸತ್ತವರು, ಕೈಕಾಲು ಕಳೆದುಕೊಂಡವರು ಕಮ್ಮಿ ಏನಲ್ಲ, ಅದನ್ನು ಸ್ವರ್ಗ ಅಂತ ನಾನು ಹೇಳುತ್ತಿಲ್ಲ.

ಆದರೆ ಅಲ್ಲಿ ಎಣಿಸಿದರು. 1940ರ ದಶಕದಲ್ಲಿ 7,600ಕ್ಕೂ ಹೆಚ್ಚು ಕಾರ್ಮಿಕರ ಎದೆ ತಪಾಸಣೆ ಆಯ್ತು. ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜನರಲ್ಲಿ ಸಿಲಿಕೋಸಿಸ್ ಕಂಡಿತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆ ಥರ ಗಟ್ಟಿ ಮಾಡುವ ರೋಗ ಅದು, ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ಎಣಿಸಿದ್ದಕ್ಕೇ ಅದೊಂದು ಗಣಿ ರೋಗ ಅಂತ ದೇಶಕ್ಕೆ ಗೊತ್ತಾಯಿತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ತಾತನ ಎಕ್ಸ್‌ರೇ ಹಾಳೆಗಳು ಈಗಲೂ ನಮ್ಮ ಮನೆ ಅಟ್ಟದ ಮೇಲಿವೆ, ಪ್ರತಿಯೊಂದರ ಮೂಲೆಯಲ್ಲೂ ಅವರ ನಂಬರ್ ಮತ್ತು ತಾರೀಖು ಇದೆ.

ಬೆಂಗಳೂರು ಸುತ್ತಿನ ಬಂಡೆಯಲ್ಲೂ ಅದೇ ಸಿಲಿಕಾ ತಾನೇ ಇರೋದು? ಲಾಲ್‌ಬಾಗ್ ಬಂಡೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಅದೇ ಜಾತಿಯ ಕಲ್ಲು. ಒಣ ಡ್ರಿಲ್ ಹಾಕುವ ಹುಡುಗರ ಎದೆಯ ಎಕ್ಸ್‌ರೇ ಯಾರು ತೆಗೆಯುತ್ತಿದ್ದಾರೆ? ತೂತಿಗೆ ನೀರು ಬಿಟ್ಟುಕೊಂಡು ಡ್ರಿಲ್ ಹಾಕಿದರೆ ಧೂಳು ಎಷ್ಟೋ ಕಮ್ಮಿ ಆಗುತ್ತೆ, ಅದಕ್ಕೆ ಬೇಕಾಗೋದು ಒಂದು ಡ್ರಮ್ಮು, ಒಂದು ಪೈಪು.


ಜಿಗಣಿ ಪಾಲಿಶ್
ಮಂಗಳವಾರ, ಮಧ್ಯಾಹ್ನ 2:15

ನಾನು ಜಿಗಣಿಯಲ್ಲಿ ಗ್ರಾನೈಟ್ ಕಟಿಂಗ್ ಕೆಲಸ ಮಾಡುತ್ತೇನೆ. ನಮ್ಮದು ಕಾರ್ಖಾನೆ ಲೆಕ್ಕ, ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಇದೆ. ಗಣಿಗೆ ಹಳೇ ಇಎಸ್‌ಐ ಕಾಯ್ದೆ ತಾಗುತ್ತಿರಲಿಲ್ಲ, ಹಾಗಾಗಿ ಬಂಡೆ ಕೀಳುವ ಅಣ್ಣಂದಿರಿಗಿಂತ ನಾವು ಆ ಮಟ್ಟಿಗೆ ವಾಸಿ.

ನಮ್ಮ ಕಡೆ ಜಾಸ್ತಿ ಪೆಟ್ಟು ಸ್ಲ್ಯಾಬ್‌ನಿಂದ. ಹತ್ತಡಿ ಉದ್ದ, ಆರಡಿ ಅಗಲ, ಎರಡು ಸೆಂಟಿಮೀಟರ್ ದಪ್ಪದ ಒಂದು ಸ್ಲ್ಯಾಬ್ ಹತ್ತಿರ ಹತ್ತಿರ 300 ಕೆಜಿ ತೂಗುತ್ತೆ. ಲೋಡ್ ಮಾಡುವಾಗ ಹತ್ತು ಸ್ಲ್ಯಾಬ್ ಒರಗಿಸಿ ನಿಲ್ಲಿಸಿರುತ್ತಾರೆ. ಒಂದೇ ಕಡೆಯಿಂದ ಎತ್ತುತ್ತಾ ಹೋದರೆ ಇನ್ನೊಂದು ಕಡೆಯದು ವಾಲುತ್ತೆ. ಬೀಳುವಾಗ ಜನ ಕೈ ಅಡ್ಡ ಕೊಟ್ಟು ತಡೆಯೋಕೆ ಹೋಗುತ್ತಾರೆ, ಅಲ್ಲೇ ತಪ್ಪೋದು. ಬಿಟ್ಟು ಓಡಬೇಕು. ಹೊಸ ಹುಡುಗರಿಗೆ ಮೊದಲ ದಿನವೇ ನಾನು ಇದನ್ನೇ ಹೇಳೋದು: ಕಲ್ಲು ಒಡೆದರೆ ಒಡೆಯಲಿ, ನೀನು ಓಡು.

ಧೂಳಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪಾಲಿಶ್ ಮೆಷಿನ್‌ಗೆ ನೀರು ಬರುತ್ತೆ. ಅಂಚು ಸಮ ಮಾಡುವ ಕೈ ಗ್ರೈಂಡರ್‌ಗೆ ನೀರಿಲ್ಲ. ನನ್ನ ಜೊತೆಗಾರ ಆರು ವರ್ಷ ಅದೇ ಹಿಡಿದಿದ್ದ. ಕೆಮ್ಮು ಅಂತ ಹೋದರೆ ಟಿಬಿ ಅಂದರು, ಮಾತ್ರೆ ಕೋರ್ಸ್ ಮುಗಿಸಿದ. ಮತ್ತೆ ಕೆಮ್ಮು, ಮತ್ತೆ ಟಿಬಿ ಮಾತ್ರೆ. ಯಾರೂ ‘ನಿನ್ನ ಕೆಲಸ ಏನಪ್ಪಾ’ ಅಂತ ಕೇಳಲಿಲ್ಲ. ಮೂರನೇ ಕಡೆ ಒಬ್ಬ ಡಾಕ್ಟರಮ್ಮ ಕೇಳಿದರು. ಅವತ್ತಿಗೆ ಸಿಲಿಕೋಸಿಸ್ ಅಂತ ಹೆಸರು ಬಂತು. ಆ ಹೆಸರಿದ್ದರೆ ಅದು ಕೆಲಸದಿಂದ ಬಂದ ರೋಗ, ಅದಕ್ಕೂ ಪರಿಹಾರ ಇದೆ.

ದೇವನಹಳ್ಳಿ ಹತ್ತಿರ ಕಣ್ಣಮಂಗಲದಲ್ಲಿ ಔದ್ಯೋಗಿಕ ಆರೋಗ್ಯದ ಪ್ರಾದೇಶಿಕ ಕೇಂದ್ರ ಇದೆ. 1977ರಲ್ಲಿ ಶುರುವಾದದ್ದು, ಕೆಲಸದಿಂದ ಬರುವ ರೋಗಗಳ ಬಗ್ಗೆಯೇ ಸಂಶೋಧನೆ ಮಾಡುವ ಸಂಸ್ಥೆ. ಬಾಗಲೂರಿಗೆ ದೂರ ಏನಲ್ಲ. ಹಾಗಿದ್ದೂ ಕ್ವಾರಿಯವರಿಗೆ ಅದರ ಹೆಸರೇ ಗೊತ್ತಿಲ್ಲ.


ಕಲ್ಲು ಹೊತ್ತವಳು
ಮಂಗಳವಾರ, ರಾತ್ರಿ 8:50

ನಾನು, ನಮ್ಮ ಯಜಮಾನರು ಹದಿನಾಲ್ಕು ವರ್ಷ ಜೋಡಿ ಕೂಲಿಗೆ ಕೆಲಸ ಮಾಡಿದೆವು. ಜೋಡಿ ಅಂದರೆ ಇಬ್ಬರ ದುಡಿಮೆ, ಹೆಸರು ಗಂಡಂದು ಒಂದೇ. ಅವರು ಒಡೆಯೋರು, ನಾನು ಹೊತ್ತು ಟ್ರಾಕ್ಟರಿಗೆ ತುಂಬೋಳು. ಮುಂಗಡ ತಗೊಂಡಿದ್ದೆವು, ಅದು ತೀರೋವರೆಗೂ ಬಿಡೋ ಹಾಗಿರಲಿಲ್ಲ. ನನ್ನ ಕಾಲ ಮೇಲೆ ಕಲ್ಲು ಬಿದ್ದು ಮೂಳೆ ಮುರಿದಾಗ ಮೇಸ್ತ್ರಿ, ‘ನೀನು ಪುಸ್ತಕದಲ್ಲೇ ಇಲ್ಲವಲ್ಲಮ್ಮ’ ಅಂದರು. ಸುಳ್ಳು ಬರೆಸುವ ಕಷ್ಟವೂ ಅವರಿಗಿರಲಿಲ್ಲ.

ಹೆಣ್ಣುಮಕ್ಕಳು ಹಾಜರಿ ಪುಸ್ತಕದಲ್ಲಿ ಹೆಸರು ಕೇಳಿ. ನಾನು ಕೇಳದೆ ಕೆಟ್ಟೆ.


ಯಲಹಂಕ ಹಳೇಪೇಟೆ
ಮಂಗಳವಾರ, ರಾತ್ರಿ 9:15

ಕಟ್ಟಡ ಕಾರ್ಮಿಕರ ಕಾರ್ಡ್ ಇದೆಯಲ್ಲ, ಅದರಲ್ಲಿ ಇವರಿಗೆ ಏನೂ ಬರಲ್ವಾ? ಅಂಗವಿಕಲರ ಕಾರ್ಡ್?


ಕೋರ್ಟ್ ಗುಮಾಸ್ತ
ಬುಧವಾರ, ಬೆಳಗ್ಗೆ 8:00

ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಗಣಿ ಕಾಯ್ದೆ ಅಥವಾ ಕಾರ್ಖಾನೆ ಕಾಯ್ದೆ ತಾಗುವ ಕೆಲಸಕ್ಕೆ ಅನ್ವಯ ಆಗುತ್ತಿರಲಿಲ್ಲ. ಕಟ್ಟಡದ ಹತ್ತಿರ ಕಲ್ಲು ಕೆಲಸ ಮಾಡುವವರಿಗೆ ಸಿಗುತ್ತೆ, ಕ್ವಾರಿಯವರಿಗೆ ತೊಡಕು. ಅಂಗವಿಕಲರ ಸೌಲಭ್ಯ ಹೆಚ್ಚಿನವಕ್ಕೆ ಕನಿಷ್ಠ ಶೇ 40 ಬೇಕು, ಒಂದು ಕಣ್ಣು ಪೂರ್ತಿ ಹೋದರೆ ಅಲ್ಲಿ ಕೊಡೋದು ಶೇ 30. ಇವರಿಗೆ ಗಟ್ಟಿ ದಾರಿ ಪರಿಹಾರದ ಅರ್ಜಿಯೇ.

ಕಲ್ಲು ಹೊತ್ತ ಅಮ್ಮನವರಿಗೆ: ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಕೆಲಸ ಮಾಡಿದ್ದು ಸುಳ್ಳಾಗೋದಿಲ್ಲ. ಜೊತೆಯಲ್ಲಿದ್ದವರ ಸಾಕ್ಷಿ ನಡೆಯುತ್ತೆ. ಎರಡು ವರ್ಷ ದಾಟಿದ್ದರೂ ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಅರ್ಜಿ ತೆಗೆದುಕೊಳ್ಳುವ ಅಧಿಕಾರ ಆಯುಕ್ತರಿಗಿದೆ. ಒಮ್ಮೆ ಕಾನೂನು ಸೇವೆಯವರನ್ನು ಕಾಣಿ.


ಬಂಡೆಮನೆ ಹುಡುಗಿ
ಹನ್ನೆರಡು ದಿನದ ನಂತರ, ಸೋಮವಾರ, ರಾತ್ರಿ 9:20

ಎಲ್ಲರಿಗೂ ವಿಷಯ ತಿಳಿಸಬೇಕು ಅಂತ ಬಂದೆ.

ಕೇಸ್ ಶೀಟ್ ಸಿಕ್ಕಿತು. ಮೊದಲ ದಿನ ‘ನಾಳೆ ಬನ್ನಿ’ ಅಂದರು. ನರ್ಸ್ ಅಕ್ಕ ಹೇಳಿದ 72 ಗಂಟೆ ಮಾತು ಅರ್ಜಿಯಲ್ಲೇ ಬರೆದುಕೊಟ್ಟೆ, ಮೂರನೇ ದಿನ ಕೊಟ್ಟರು. ಆಪರೇಷನ್ ಟಿಪ್ಪಣಿಯಲ್ಲಿ ಕಬ್ಬಿಣದ ಚೂರು ಅಂತಲೇ ಇದೆ. ಕರೆತಂದವರ ಜಾಗದಲ್ಲಿ ಮೇಸ್ತ್ರಿ ಹೆಸರು, ಫೋನ್ ನಂಬರ್. ಸಂಬಂಧ ಅನ್ನೋ ಕಡೆ ‘ಜೊತೆ ಕೆಲಸಗಾರ’ ಅಂತ ಬರೆದಿದ್ದಾರೆ. ಕೌಂಟರಿನವರು ಕೇಳಿದಾಗ ಮೇಸ್ತ್ರಿ ಬಾಯಿಂದ ಅದೊಂದು ನಿಜ ಬಂದಿದೆ.

ಚಿಕ್ಕಪ್ಪನ ಸಾಮಾನಿನ ಚೀಲ ಇನ್ನೂ ಕ್ವಾರಿ ಶೆಡ್ಡಲ್ಲೇ ಇತ್ತು. ಅಪ್ಪ ಹೋಗಿ ತಂದರು. ಚಿಕ್ಕಪ್ಪನ ಜೊತೆ ಕೆಲಸ ಮಾಡಿದ್ದ ಇಬ್ಬರು ಹೇಳಿಕೆ ಕೊಡೋಕೆ ಒಪ್ಪಿದ್ದಾರೆ, ಒಬ್ಬರು ಒಪ್ಪಲಿಲ್ಲ. ಅವರ ಮಗ ಅದೇ ಮೇಸ್ತ್ರಿ ಕೈ ಕೆಳಗೆ ಇದ್ದಾನೆ, ಅವರನ್ನು ದೂರೋಕೆ ಆಗೋದಿಲ್ಲ. ಉಳಿ ಚೀಲದಲ್ಲೇ ಇದೆ. ತಲೆಯ ಒಂದು ಕಡೆ ಚೂರು ಕಿತ್ತ ಜಾಗ ಬೆರಳಿಗೆ ಚುಚ್ಚುತ್ತೆ. ಆಗ ಹೊಳೆಯುತ್ತಿತ್ತಂತೆ, ಈಗ ತುಕ್ಕು ಬಂದಿದೆ.

ಇವತ್ತು ಕಣ್ಣು ತೋರಿಸೋಕೆ ಹೋಗಿದ್ದೆವು. ಹೊಸ ಡಾಕ್ಟರು. ‘ಹೇಗಾಯ್ತು?’ ಅಂತ ಅವರಾಗೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ನನ್ನ ಕೈ ಹಿಡಿದು ತಡೆದರು. ಕ್ವಾರಿ ಎಲ್ಲಿದೆ, ಅವತ್ತು ಎಷ್ಟು ಕಲ್ಲು ಇತ್ತು, ಉಳಿ ತಲೆ ಯಾಕೆ ಅರಳುತ್ತೆ, ಎಷ್ಟು ಹೊತ್ತಿಗೆ ಏಟು ಬಿತ್ತು, ಎಲ್ಲ ತಾವೇ ಹೇಳಿದರು. ಮನೆಯಲ್ಲಿ ಆರು ತಿಂಗಳಿಂದ ಅಷ್ಟು ಮಾತಾಡಿರಲಿಲ್ಲ. ಡಾಕ್ಟರು ಬರೆದುಕೊಳ್ಳುತ್ತಾ, ‘ಚಮಟಿಗೆ ಎಷ್ಟು ತೂಕದ್ದು?’ ಅಂತ ಕೇಳಿದರು. ಚಿಕ್ಕಪ್ಪ ಖಾಲಿ ಕೈಯನ್ನೇ ಎತ್ತಿ ತೂಗಿ ತೋರಿಸಿದರು.

ಬುಧವಾರ ಹತ್ತೂವರೆಗೆ ಕಾನೂನು ಸೇವೆಯ ವಕೀಲರನ್ನು ಕಾಣಬೇಕು. ಬಾಟಲಿ, ಉಳಿ, ಚೀಟಿ ಎಲ್ಲ ಒಂದು ಚೀಲಕ್ಕೆ ಹಾಕಿಟ್ಟಿದ್ದೇವೆ. ಏನಾಯ್ತು ಅಂತ ಇಲ್ಲೇ ಬರೆಯುತ್ತೇನೆ.


ಸಣ್ಣ ಲೀಸ್‌ದಾರ
ಸೋಮವಾರ, ರಾತ್ರಿ 10:10

ಆ ಹುಡುಗನ ನಂಬರ್ ಸಿಕ್ಕಿತು ಮೇಡಂ. ನಾಳೆ ಫೋನ್ ಮಾಡುತ್ತೇನೆ. ಗುಮಾಸ್ತ ಸರ್, ಅವತ್ತು ಬೈಕು ಅಂತ ಬರೆಸಿದ್ದು ನಾನೇ ಅಂತ ಈಗ ನಾನು ಬರೆದುಕೊಟ್ಟರೆ ಅವನಿಗೆ ಉಪಯೋಗ ಆಗುತ್ತಾ?